ಕನಕಪುರದ ದಾರಿಯಲ್ಲಿ ಬಂದವರು

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿರುವ ಊರುಗಳ ಹೆಸರುಗಳನ್ನು ಒಂದರ ಹಿಂದೊಂದಾಗಿ ಉಚ್ಚರಿಸಿ ನೋಡಿದರೆ, ವರ್ಷವಿಡೀ ತುಂಬಿ ಹರಿಯುವ ಹೊಳೆಯೊಂದೂ ಇಲ್ಲದ ಈ ಸೀಮೆಯಲ್ಲಿ ಜನರು ನೀರನ್ನೇ ಧ್ಯಾನಿಸಿ ಬದುಕಿದರೆಂಬುದು ತಾನಾಗಿ ಮನಸ್ಸಿಗೆ ಹೊಳೆಯುತ್ತದೆ. ಕೋಣನಕುಂಟೆಯಲ್ಲಿ ಕುಂಟೆಯುಂಟು, ದೊಡ್ಡಕಲ್ಲಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳ ಕೊನೆಯಲ್ಲಿರುವ ‘ಸಂದ್ರ’ವು ಸಮುದ್ರವೆಂಬ ಮಾತು ಜನರ ನಾಲಗೆಯಲ್ಲಿ ಸವೆದು ಉಳಿದ ರೂಪ. ಮಳೆಯ ನೀರಿಗೆ ಒಡ್ಡು ಕಟ್ಟಿ, ಅಲ್ಲಿ ನಿಂತದ್ದನ್ನು ಸಮುದ್ರವೆಂದು ಕರೆದ ಹಿರಿಯರ ಮನಸ್ಸಿನಲ್ಲಿ ಹೆಮ್ಮೆಗಿಂತ ಕೃತಜ್ಞತೆಯೇ ಹೆಚ್ಚಾಗಿದ್ದಿರಬೇಕು. ಈ ಊರುಗಳ ನಡುವೆ, ಕನಕಪುರದ ಹೆದ್ದಾರಿಗೆ ಪಶ್ಚಿಮವಾಗಿ, ಉತ್ತರಹಳ್ಳಿ ವಸಂತಪುರಗಳ ಮಗ್ಗುಲಲ್ಲಿ, ತನ್ನದೇ ಹೆಸರಿನ ಕೆರೆಯೊಂದನ್ನು ಇಂದಿಗೂ ಇಟ್ಟುಕೊಂಡಿರುವ ಸುಬ್ರಹ್ಮಣ್ಯಪುರವಿದೆ. ಅದರ ಇತಿಹಾಸವನ್ನು ಬರೆಯಹೊರಟವನಿಗೆ ಶಾಸನಗಳಿಗಿಂತಲೂ ಯುದ್ಧಗಳಿಗಿಂತಲೂ ಮುಖ್ಯವಾಗಿ ಕಾಣಿಸುವುದು ಒಂದು ದಾರಿ. ಅದು ತೆಂಕಲಿಂದ ಬರುವ ದಾರಿ. ನಗರಕ್ಕೆ ಬೇಕಾದ ಸೌದೆಯೂ ಕಲ್ಲೂ ರೇಷ್ಮೆಗೂಡೂ ಆ ದಾರಿಯಲ್ಲಿ ಬಂದವು. ಕಾವೇರಿಯ ನೀರು ಅದೇ ದಾರಿಯಲ್ಲಿ ಬಂದಿತು. ಕಾಡನ್ನು ಕಳೆದುಕೊಂಡವರೂ ಬಂದರು. ಅವರಲ್ಲಿ ಯಾರಿಗೆ ಯಾವುದರ ಮೇಲೆ ಹಕ್ಕಿದ್ದಿತು, ಆ ಹಕ್ಕು ಯಾವ ಬಗೆಯಲ್ಲಿ ಕೈತಪ್ಪಿತು, ಕೈತಪ್ಪಿದ ಮೇಲೆ ಮಳೆಯ ಏರುಪೇರನ್ನು ತಾಳಿಕೊಳ್ಳುವ ಶಕ್ತಿಯೇ ಈ ನೆಲದಿಂದ ಹೇಗೆ ಹೊರಟುಹೋಯಿತು ಎಂಬುದೇ ಈ ಪ್ರಬಂಧದ ವಸ್ತು.

ಹಳೆಯ ಮೈಸೂರು ಸಂಸ್ಥಾನದಲ್ಲಿ ಸುಮಾರು 38,000 ಕೆರೆಗಳಿದ್ದುವೆಂದು ಹತ್ತೊಂಬತ್ತನೆಯ ಶತಮಾನದ ದಾಖಲೆಗಳು ಹೇಳುತ್ತವೆ. ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಮೇಜರ್ ಸ್ಯಾಂಕಿಯು 1866ರಲ್ಲಿ ಈ ಏರ್ಪಾಟನ್ನು ಪರಿಶೀಲಿಸಿ, ಇನ್ನೊಂದು ಹೊಸ ಕೆರೆಗೆ ತಕ್ಕ ಸ್ಥಳವನ್ನು ಈ ದೇಶದಲ್ಲಿ ಹುಡುಕಿ ತೆಗೆಯುವುದೇ ಕಷ್ಟವೆಂಬ ಅಭಿಪ್ರಾಯಕ್ಕೆ ಬಂದನು. ಒಂದು ಕೆರೆಯ ಕೋಡಿ ಹರಿದು ಕೆಳಗಿನ ಕೆರೆಗೆ, ಅದರ ಕೋಡಿ ಮತ್ತೂ ಕೆಳಗಿನದಕ್ಕೆ, ಹೀಗೆ ಸರದ ಮಣಿಗಳಂತೆ ಕೋದುಕೊಂಡಿದ್ದ ಈ ಜಲಾಶಯಗಳನ್ನು ಕಾಪಾಡಿದವರು ಯಾರೆಂದು ಕೇಳಿದರೆ, ಕಟ್ಟಿಸಿದ ಪಾಳೆಯಗಾರನ ಹೆಸರೂ ದಾನವಿತ್ತವರ ಹೆಸರೂ ಸಿಕ್ಕೀತು. ಆದರೆ ಪ್ರತಿದಿನ ಏರಿಯ ಮೇಲೆ ನಡೆದಾಡಿದವನ ಹೆಸರು ಸಿಕ್ಕುವುದಿಲ್ಲ. ಅವನು ನೀರಗಂಟಿ.

ನೀರಗಂಟಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು. ಮುಂಗಾರಿಗೆ ಮೊದಲು ಏರಿಯಲ್ಲಿ ಇಲಿ ಹೆಗ್ಗಣಗಳು ತೋಡಿದ ಬಿಲಗಳನ್ನು ಹುಡುಕಿ ಜೇಡಿಮಣ್ಣಿನಿಂದ ಮುಚ್ಚುವುದು, ಮೇಲಿನಿಂದ ನೀರು ತರುವ ಕಾಲುವೆಯಲ್ಲಿ ಬೆಳೆದ ಗಿಡಗಂಟಿಗಳನ್ನು ಕಡಿದು ದಾರಿ ಬಿಡಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಕೋಡಿಯ ಬಳಿ ಕಾವಲಿದ್ದು ನೀರು ಏರಿಯನ್ನು ಮೀರದಂತೆ ನೋಡಿಕೊಳ್ಳುವುದು, ಪೈರು ನಿಂತ ಮೇಲೆ ತೂಬಿನ ಬಾಯನ್ನು ಎಷ್ಟು ಹೊತ್ತು ತೆರೆದರೆ ಅಚ್ಚುಕಟ್ಟಿನ ಕಡೆಯ ಗದ್ದೆಗೂ ನೀರು ಮುಟ್ಟೀತೆಂಬುದನ್ನು ಅಳತೆಗೋಲಿಲ್ಲದೆ ತಿಳಿದಿರುವುದು, ಇವೆಲ್ಲವೂ ಅವನ ಹೊಣೆ. ಮಳೆ ಕಡಮೆಯಾದ ವರ್ಷದಲ್ಲಿ ಎಷ್ಟು ಗದ್ದೆಗೆ ಭತ್ತ, ಎಷ್ಟಕ್ಕೆ ರಾಗಿ ಎಂಬುದನ್ನು ಊರಿನವರು ನಿಶ್ಚಯಿಸುವಾಗ ಕೆರೆಯ ಹೊಟ್ಟೆಯಲ್ಲಿ ಏನು ಉಳಿದಿದೆಯೆಂದು ಹೇಳಬಲ್ಲವನು ಅವನೊಬ್ಬನೇ. ಇದಕ್ಕೆ ಪ್ರತಿಫಲವಾಗಿ ಸುಗ್ಗಿಯ ಕಣದಲ್ಲಿ ಅವನಿಗೆ ಇಂತಿಷ್ಟು ಧಾನ್ಯದ ಪಾಲೂ, ಹಲವು ಕಡೆಗಳಲ್ಲಿ ಚಾಕರಿಯ ಇನಾಮು ಭೂಮಿಯೂ ಇದ್ದುವು. ಅನೇಕ ಊರುಗಳಲ್ಲಿ ಈ ಕೆಲಸವು ಹೊಲಗೇರಿಯ ಮನೆತನಗಳಿಗೆ ವಂಶಪಾರಂಪರ್ಯವಾಗಿ ಸೇರಿದ್ದಿತು. ಊರಿನ ಪ್ರಾಣವಾದ ನೀರನ್ನು ಹಂಚುತ್ತಿದ್ದ ಆ ಮನುಷ್ಯನು ಊರಬಾವಿಯಿಂದ ತಾನೇ ಒಂದು ಬಿಂದಿಗೆ ನೀರನ್ನು ಸೇದಿಕೊಳ್ಳಲಾರದವನಾಗಿದ್ದನೆಂಬುದನ್ನು ಮರೆತು, ಆ ಕಾಲವನ್ನು ಸತ್ಯಯುಗವೆಂದು ಹಾಡುವುದು ಅನ್ಯಾಯವಾದೀತು. ಆದರೂ ಅವನಿಗೊಂದು ಹಕ್ಕಿದ್ದಿತು. ಆ ಹಕ್ಕನ್ನು ಇಡೀ ಊರು ತನ್ನ ನೆನಪಿನಲ್ಲಿ ಇಟ್ಟುಕೊಂಡಿದ್ದಿತು.

ಕೆರೆಯ ಸೀಮೆ ಮುಗಿದಲ್ಲಿ ಕಾಡಿನ ಸೀಮೆ ಮೊದಲಾಗುತ್ತಿದ್ದಿತು. ಸುಬ್ರಹ್ಮಣ್ಯಪುರದ ತೆಂಕಣ ದಿಕ್ಕಿಗೆ ಈಗಲೂ ಬಂಡೆಗಳ ನಡುವೆ ಉಸಿರು ಹಿಡಿದುಕೊಂಡಿರುವ ತುರಹಳ್ಳಿಯ ಕುರುಚಲು ಕಾಡು ಆ ಸೀಮೆಯ ಒಂದು ತುಣುಕು. ಅದರಾಚೆಗೆ ಬನ್ನೇರುಘಟ್ಟ, ಸಾವನದುರ್ಗ, ರಾಮನಗರದ ಗುಡ್ಡಗಳು, ಕಾನಕಾನಹಳ್ಳಿಯೆಂಬ ಹಳೆಯ ಹೆಸರಿನಲ್ಲೇ ಕಾನನ್ನು ಹೊತ್ತುಕೊಂಡಿದ್ದ ಕನಕಪುರ, ಅಲ್ಲಿಂದ ಕಾವೇರಿ, ಕಾವೇರಿಯನ್ನು ದಾಟಿದರೆ ಬಿಳಿಗಿರಿರಂಗನ ಬೆಟ್ಟ. ಹೀಗೆ ಒಂದರ ತೋಳನ್ನೊಂದು ಹಿಡಿದು ನಿಂತ ಅರಣ್ಯಗಳ ಸಾಲು ಅದು. ಈ ಗುಡ್ಡಗಾಡಿನಲ್ಲಿ ಮಾಗಡಿ, ರಾಮನಗರ, ಕನಕಪುರಗಳ ಸುತ್ತ ಇರುಳಿಗರೂ, ನದಿಯಾಚೆಯ ಬೆಟ್ಟಗಳಲ್ಲಿ ಸೋಲಿಗರೂ, ಇನ್ನೂ ಪಶ್ಚಿಮಕ್ಕೆ ಕಬಿನಿ ನಾಗರಹೊಳೆಗಳ ಕಡೆ ಜೇನುಕುರುಬರೂ ಕಾಡುಕುರುಬರೂ ಎರವರೂ ನೆಲಸಿದ್ದರು. ಜೇನು ಇಳಿಸುವುದು, ನೂರೆಗೆಣಸು ಅಗೆಯುವುದು, ನೆಲ್ಲಿ ಸೀಗೆ ಅಂಟುವಾಳಗಳನ್ನು ಕಾಯ್ದುಕೊಂಡು ಆಯುವುದು, ಸ್ವಲ್ಪ ನೆಲವನ್ನು ಕಡಿದು ಸುಟ್ಟು ರಾಗಿ ಚೆಲ್ಲುವುದು ಅವರ ಜೀವನ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸದ ದಿನಚರಿಯಲ್ಲಿ ಬೆಟ್ಟಗಾಡಿನ ಇರುಳಿಗರನ್ನು ಕುರಿತು ಬರೆದಿರುವುದರಿಂದ, ಅವರು ಇಲ್ಲಿ ನಿನ್ನೆ ಮೊನ್ನೆ ಬಂದು ಸೇರಿಕೊಂಡವರಲ್ಲವೆಂಬುದಕ್ಕೆ ಲಿಖಿತವಾದ ಸಾಕ್ಷ್ಯವೂ ಉಂಟು.

ಲಿಖಿತವಲ್ಲದ ಸಾಕ್ಷ್ಯ ಇನ್ನೂ ಹಿರಿದು. ನಮ್ಮ ಊರಿಗೆ ಹೆಸರಿತ್ತ ಸುಬ್ರಹ್ಮಣ್ಯನು ದೇವಸೇನೆಯ ಪತಿ. ಹಾಗೆಯೇ ಕಾಡಿನ ಬೇಡರ ಮನೆಯಲ್ಲಿ ಬೆಳೆದು ನವಣೆಯ ಹೊಲ ಕಾಯುತ್ತಿದ್ದ ವಳ್ಳಿಯ ಪತಿ. ಇದೇ ದಾರಿಯ ಇನ್ನೊಂದು ತುದಿಯಲ್ಲಿ ಬಿಳಿಗಿರಿರಂಗನು ಸೋಲಿಗರ ಕುಸುಮಾಲೆಯನ್ನು ಒಲಿದು ಮದುವೆಯಾದನು. ಆದುದರಿಂದ ಸೋಲಿಗರಿಗೆ ಆ ದೇವರು ‘ರಂಗಭಾವ’. ಸ್ವಾಮಿಯೆನ್ನದೆ ಭಾವನೆಂದು ಕರೆಯುವ ಸಲಿಗೆಯಲ್ಲಿ ಒಂದು ಗಂಭೀರವಾದ ನ್ಯಾಯವಿದೆ. ಬಯಲಿನಿಂದ ಬಂದ ದೇವರು ಬೆಟ್ಟದ ಮೇಲೆ ನೆಲಸಬೇಕಾದರೆ ಬೆಟ್ಟದವರ ಮಗಳನ್ನು ಕೈಹಿಡಿದು, ಅವರ ನೆಂಟನಾಗಿ, ಅವರ ಒಪ್ಪಿಗೆಯಿಂದ ನೆಲಸಬೇಕು. ಕಾಡಿನ ಮೇಲೆ ಕಾಡಿನವರಿಗೆ ಮೊದಲ ಹಕ್ಕೆಂಬುದನ್ನು ನಮ್ಮ ಪುರಾಣವೂ ಜನಪದವೂ ಹೀಗೆ ಒಪ್ಪಿಕೊಂಡಿದ್ದುವು. ಮುಂದೆ ಬಂದ ಸರಕಾರಗಳು ಆ ನೆಂಟಸ್ತಿಕೆಯನ್ನು ತಮ್ಮ ದಫ್ತರಗಳಲ್ಲಿ ಬರೆದುಕೊಳ್ಳಲಿಲ್ಲ.

ಈ ಸೀಮೆಯವರು ವಲಸೆಯೆಂಬುದನ್ನು ಅದರ ಅತ್ಯಂತ ಘೋರರೂಪದಲ್ಲಿ ಕಂಡದ್ದು ಧಾತು ಈಶ್ವರ ಸಂವತ್ಸರಗಳ ಬರದಲ್ಲಿ. 1876ರಿಂದ 1878ರ ವರೆಗೆ ಮಳೆ ಕೈಕೊಟ್ಟಿತು. ಪೆಸಿಫಿಕ್ ಮಹಾಸಾಗರದ ನೀರು ಮಿತಿಮೀರಿ ಕಾದು ಹಿಂದೂದೇಶದ ಮುಂಗಾರನ್ನು ತಡೆಯಿತೆಂದು ಇಂದಿನ ವಿಜ್ಞಾನಿಗಳು ಅದರ ಕಾರಣವನ್ನು ವಿವರಿಸುತ್ತಾರೆ. ಅಂದಿನವರಿಗೆ ತಿಳಿದದ್ದು ಇಷ್ಟೆ: ಕೆರೆಗಳ ತಳ ಬಿರಿಯಿತು, ಹಗೇವುಗಳಲ್ಲಿದ್ದ ರಾಗಿ ಮುಗಿಯಿತು, ದನಗಳು ಸತ್ತುವು, ಅನಂತರ ಜನರು ನಡೆದರು. ಹಳ್ಳಿಗಳಿಂದ ಬೆಂಗಳೂರಿನ ಗಂಜಿಕೇಂದ್ರಗಳ ಕಡೆಗೆ ನಡೆದವರಲ್ಲಿ ಎಷ್ಟೋ ಮಂದಿ ದಾರಿಯಲ್ಲಿಯೇ ಬಿದ್ದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿದ್ದಿತೆಂಬ ಒಂದು ಮಾತಿನಿಂದಲೇ ಆ ಮೂರು ವರ್ಷಗಳ ಕ್ರೌರ್ಯವನ್ನು ಊಹಿಸಿಕೊಳ್ಳಬಹುದು. ಬರದಲ್ಲಿ ಬಯಲಿನ ಬಡವನಿಗೆ ಕೊನೆಯ ಆಸರೆಯಾಗಿ ಉಳಿಯುತ್ತಿದ್ದುದು ಕಾಡು. ಯಾವ ಗೆಡ್ಡೆಯನ್ನು ಬೇಯಿಸಿ ತಿನ್ನಬಹುದು, ಯಾವುದರ ನಂಜನ್ನು ಹೇಗೆ ತೆಗೆಯಬೇಕೆಂಬ ವಿದ್ಯೆ ಕಾಡಿನವರ ಕೈಯಲ್ಲಿದ್ದಿತು.

ಆದರೆ ಬರ ಮುಗಿದ 1878ನೆಯ ಇಸವಿಯಲ್ಲಿಯೇ ಬ್ರಿಟಿಷ್ ಹಿಂದೂಸ್ಥಾನಕ್ಕೆ ಕಠಿನವಾದ ಅರಣ್ಯ ಕಾಯಿದೆಯೊಂದು ಬಂದಿತು. ಮೈಸೂರಿನಲ್ಲಿ 1864ರಲ್ಲಿಯೇ ಅರಣ್ಯ ಇಲಾಖೆ ಏರ್ಪಟ್ಟಿದ್ದು, 1900ರಲ್ಲಿ ಸಂಸ್ಥಾನದ ಅರಣ್ಯ ರೆಗ್ಯುಲೇಷನ್ ಹೊರಟಿತು. ಈ ಕಾಯಿದೆಗಳ ಕ್ರಮವು ಮೇಲುನೋಟಕ್ಕೆ ನ್ಯಾಯಸಮ್ಮತವಾಗಿಯೇ ಕಾಣುತ್ತದೆ. ಇಂಥ ಕಾಡನ್ನು ಸರಕಾರವು ತನ್ನದಾಗಿ ಕಾದಿರಿಸುವುದೆಂದು ಗೆಜೆಟ್ಟಿನಲ್ಲಿ ಪ್ರಕಟಿಸುವುದು. ಅಲ್ಲಿ ಹಕ್ಕುಳ್ಳವರು ಗೊತ್ತಾದ ಅವಧಿಯೊಳಗೆ ಅರ್ಜಿ ಕೊಡತಕ್ಕದ್ದೆಂದು ಸಾರುವುದು. ಅವಧಿ ತೀರಿದ ಮೇಲೆ, ಹೇಳಿಕೊಳ್ಳದ ಹಕ್ಕುಗಳು ಲಯವಾದುವೆಂದು ತೀರ್ಮಾನಿಸುವುದು. ಅಕ್ಷರವನ್ನೇ ಅರಿಯದ ಇರುಳಿಗನು ಗೆಜೆಟ್ಟನ್ನು ಓದುವುದೆಂತು, ಅರ್ಜಿ ಬರೆಯುವುದೆಂತು? ಅಂದಿನವರೆಗೆ ಯಾರನ್ನೂ ಕೇಳದೆ ಮಾಡುತ್ತಿದ್ದ ಕೆಲಸವೇ ಮರುದಿನದಿಂದ ಅಪರಾಧವಾಯಿತು. ಅಪರಾಧವಾಗದೆ ಉಳಿದದ್ದು ಇಲಾಖೆಯ ಕೃಪೆಯಿಂದ ದೊರೆಯುವ ರಿಯಾಯಿತಿಯಾಯಿತು. ಹಕ್ಕಿಗೂ ರಿಯಾಯಿತಿಗೂ ಇರುವ ಅಂತರ ಅಲ್ಪವಾದುದಲ್ಲ. ರಿಯಾಯಿತಿಯನ್ನು ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಹುದು. ಬರ ಬಂದ ವರ್ಷದಲ್ಲಿಯೇ ತೆಗೆದುಕೊಳ್ಳಬಹುದು. ಇತ್ತ ನಗರದ ಒಲೆಗಳಿಗೆ ಬೇಕಾದ ಸೌದೆ ಇದ್ದಲುಗಳು ಗಾಡಿಗಾಡಿಯಾಗಿ ಈ ಗುಡ್ಡಗಳಿಂದ ಇಳಿಯುತ್ತಲೇ ಇದ್ದುವು.

ಸ್ವಾತಂತ್ರ್ಯ ಬಂದಿತು, ಅದರೊಡನೆ ಸಮಾನತೆಯ ಆಸೆಯೂ ಬಂದಿತು. ವಂಶಪಾರಂಪರ್ಯವಾದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯಿದೆಯು 1961ರಲ್ಲಿ ಅಂಗೀಕೃತವಾಗಿ 1963ರಲ್ಲಿ ಜಾರಿಗೆ ಬಂದು, ಶಾನುಭೋಗ ಪಟೇಲರೊಡನೆ ತೋಟಿ ತಳವಾರ ನೀರಗಂಟಿಗಳ ಚಾಕರಿಯೂ ಕೊನೆಗಂಡಿತು. ಹುಟ್ಟಿನಿಂದಲೇ ಒಬ್ಬನನ್ನು ಚಾಕರಿಗೆ ಕಟ್ಟಿಹಾಕುವ ಪದ್ಧತಿ ಹೋಗಬೇಕಾದದ್ದೇ. ಆದರೆ ಹುದ್ದೆ ಹೋದಾಗ ಅದರ ಹಿಂದಿದ್ದ ವಿದ್ಯೆಗೆ ಬೇರೊಂದು ಗೌರವದ ಸ್ಥಾನವನ್ನು ಕಲ್ಪಿಸಲಿಲ್ಲ; ಕಣದ ಪಾಲು ನಿಂತಿತು, ಏರಿಯ ಮೇಲಿನ ನಡಿಗೆಯೂ ನಿಂತಿತು. ಮರಳಿ ಮಂಜೂರಾದ ಇನಾಮು ಭೂಮಿಯನ್ನಾದರೂ ಉಳಿಸಿಕೊಂಡವರೆಷ್ಟು ಮಂದಿ! ಪರಿಶಿಷ್ಟರಿಗೆ ಮಂಜೂರಾದ ಭೂಮಿ ಪರಾಧೀನವಾಗಬಾರದೆಂದು 1978ರಲ್ಲಿ ಬೇರೊಂದು ಕಾಯಿದೆಯನ್ನೇ ಮಾಡಬೇಕಾಗಿ ಬಂದಿತೆಂಬುದರಿಂದಲೇ ಆ ಭೂಮಿಗಳ ಗತಿ ಏನಾಗುತ್ತಿದ್ದಿತೆಂಬುದನ್ನು ತಿಳಿಯಬಹುದು.

ಅನಂತರ 1974 ಬಂದಿತು. ಈ ಒಂದು ಇಸವಿಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಆ ವರ್ಷ ಕಾವೇರಿ ಯೋಜನೆಯ ಮೊದಲನೆಯ ಹಂತದ ನೀರು ಬೆಂಗಳೂರಿಗೆ ಹರಿಯಿತು. ತೊರೆಕಾಡನಹಳ್ಳಿಯಲ್ಲಿ ಎತ್ತಿದ ನೀರು ಹಾರೋಹಳ್ಳಿ, ತಾತಗುಣಿಗಳನ್ನು ಏರಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ಇದೇ ಕನಕಪುರದ ದಾರಿಯಲ್ಲಿ, ಕೊಳವೆಗಳೊಳಗೆ ಬಂದಿತು. ಅದೇ ವರ್ಷ ಬನ್ನೇರುಘಟ್ಟವು ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಬಿಳಿಗಿರಿರಂಗನ ಬೆಟ್ಟವು ವನ್ಯಜೀವಿಧಾಮವಾಯಿತು. ಅದೇ ವರ್ಷ ಕಬಿನಿಗೆ ಅಣೆಕಟ್ಟು ಪೂರ್ಣಗೊಂಡು, ಆನೆಯ ಖೆಡ್ಡಾಗಳಿಂದ ಹೆಸರಾಗಿದ್ದ ಕಾಕನಕೋಟೆಯ ಕಾಡಿನ ಒಂದು ಭಾಗವು ನೀರಿನಲ್ಲಿ ಮುಳುಗಿತು. ನಗರಕ್ಕೆ ದೂರದ ನದಿಯ ನೀರು ದೊರೆತುದರಿಂದ ಹತ್ತಿರದ ಕೆರೆಗಳು ಬೇಡವಾದುವು. ದೇಶಕ್ಕೆ ಹುಲಿ ಆನೆಗಳ ಚಿಂತೆ ಹುಟ್ಟಿದುದರಿಂದ ಕಾಡಿನವರು ಬೇಡವಾದರು. ಎರಡು ಸಂಕಲ್ಪಗಳೂ ತಮ್ಮಷ್ಟಕ್ಕೆ ಒಳ್ಳೆಯವೇ. ನೀರು ಬೇಕು, ಹುಲಿಯೂ ಬೇಕು. ಆದರೆ ಕೆರೆಯನ್ನು ಬಲ್ಲವನೂ ಕಾಡನ್ನು ಬಲ್ಲವನೂ ಒಂದೇ ಕಾಲದಲ್ಲಿ, ಒಂದೇ ದಾರಿಯ ಎರಡು ತುದಿಗಳಲ್ಲಿ, ಯಾವ ಕಾಗದವೂ ಇಲ್ಲದೆ ಹೊರಗೆ ನಿಲ್ಲುವಂತಾಯಿತು.

ಅದರ ಫಲವು ಬೆಟ್ಟದಲ್ಲಿ ಮೊದಲು ಕಾಣಿಸಿತು. ಸೋಲಿಗರು ಬೇಸಗೆಯ ಆರಂಭದಲ್ಲಿ, ಇಬ್ಬನಿಯ ತೇವ ಇನ್ನೂ ಆರದಿರುವಾಗ, ಒಣಗಿದ ಎಲೆಗಳಿಗೆ ಮಾತ್ರ ಹತ್ತುವಂಥ ಸಣ್ಣ ಬೆಂಕಿಯನ್ನು ಇಡುತ್ತಿದ್ದರು. ಅದಕ್ಕೆ ‘ತರಗು ಬೆಂಕಿ’ಯೆಂದು ಹೆಸರು. ಮೊಣಕಾಲೆತ್ತರಕ್ಕೂ ಏರದ ಆ ಬೆಂಕಿಯಿಂದ ಹುಲ್ಲು ಚಿಗುರಿ ಜಿಂಕೆಗಳಿಗೆ ಮೇವಾಗುತ್ತಿದ್ದಿತು, ಉಣ್ಣೆ ಹುಳುಗಳು ಸಾಯುತ್ತಿದ್ದುವು, ಲಂಟಾನದ ಪೊದೆ ತಲೆಯೆತ್ತುತ್ತಿರಲಿಲ್ಲ, ನೆಲ್ಲಿಯ ಮರಕ್ಕೆ ಹತ್ತುವ ‘ಉಪ್ಪಿಲು’ ಎಂಬ ಬಂದಳಿಕೆಯೂ ಹತೋಟಿಯಲ್ಲಿರುತ್ತಿದ್ದಿತು. ಬೆಂಕಿಯನ್ನು ಸಂಪೂರ್ಣವಾಗಿ ನಿಷೇಧಿಸಿದ ಮೇಲೆ, ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಕಲ್ಕತ್ತೆಯ ತೋಟಕ್ಕೆ ಅಲಂಕಾರಕ್ಕೆಂದು ತಂದ ಆ ಪರದೇಶದ ಲಂಟಾನವು ಬೆಟ್ಟವನ್ನೆಲ್ಲ ಮುಸುಕಿತು; ಅದರ ಒಣಗಿದ ಪೊದೆಗಳಿಗೆ ಕಡುಬೇಸಗೆಯಲ್ಲಿ ಕಿಡಿ ಬಿದ್ದರೆ ಏಳುವುದು ತರಗು ಬೆಂಕಿಯಲ್ಲ, ಮರದ ನೆತ್ತಿಯನ್ನು ಸುಡುವ ಕಾಳ್ಗಿಚ್ಚು. ಸೋಲಿಗರೊಡನೆ ಕೂಡಿ ಈ ಸಂಗತಿಯನ್ನು ವರ್ಷಗಟ್ಟಲೆ ಪರಿಶೀಲಿಸಿದ ವಿಜ್ಞಾನಿಗಳು ಮುದುಕರು ಹೇಳುತ್ತ ಬಂದದ್ದರಲ್ಲಿ ತಿರುಳಿದೆಯೆಂದು ಒಪ್ಪಿಕೊಂಡಿದ್ದಾರೆ. ಸೋಲಿಗರಲ್ಲಿಯೇ ಹುಟ್ಟಿ ವಿದ್ವಾಂಸರಾದ ಡಾ. ಸಿ. ಮಾದೇಗೌಡರಂಥವರು ಆ ತಿಳಿವನ್ನು ಬರೆಹಕ್ಕೆ ತಂದಿದ್ದಾರೆ. ಮಳೆ ಹೊತ್ತು ತಪ್ಪಿ ಬರುತ್ತಿರುವ, ಬೇಸಗೆ ಉದ್ದವಾಗುತ್ತಿರುವ ಈ ದಿನಗಳಲ್ಲಿ ಇಂಥ ತಿಳಿವು ಕಾಡಿಗೆ ಔಷಧಿಯಿದ್ದಂತೆ. ಅದನ್ನು ಬಲ್ಲವರನ್ನು ಹೊರಗಿಟ್ಟು ನಾವು ರೋಗವನ್ನು ಬೆಳೆಸಿದೆವು.

ನಾಗರಹೊಳೆಯ ಕಡೆಯ ಕತೆ ಇನ್ನೂ ಕರುಣಾಜನಕ. ಅಲ್ಲಿನ ಕಾಡುಗಳಿಂದ ಹೊರಹಾಕಲ್ಪಟ್ಟ ಆದಿವಾಸಿಗಳ ಸ್ಥಿತಿಯನ್ನು ಅರಿಯಲು ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ಪ್ರೊಫೆಸರ್ ಮುಜಾಫರ್ ಅಸಾದಿಯವರ ಅಧ್ಯಕ್ಷತೆಯಲ್ಲಿ ರಚಿತವಾದ ಸಮಿತಿಯು 2014ರಲ್ಲಿ ವರದಿಯನ್ನೊಪ್ಪಿಸಿ, ಪುನರ್ವಸತಿಯನ್ನು ಪಡೆಯಬೇಕಾದ ಕುಟುಂಬಗಳು 3,418 ಎಂದು ತಿಳಿಸಿತು. ಹಾಡಿಯನ್ನು ಬಿಟ್ಟ ಜೇನುಕುರುಬನು ಕೊಡಗಿನ ಕಾಫಿ ತೋಟದ ಲೈನುಮನೆಯಲ್ಲಿ ಕೂಲಿಯಾದನು. ಸತ್ತ ಹಿರಿಯರನ್ನು ಹೂಳಿದ ನೆಲವೂ ದೇವರ ಬನವೂ ಒಳಗೆ ಉಳಿದುವು. ಅವನು ಹೊರಗೆ ಉಳಿದನು.

ಇಂಥ ಅನ್ಯಾಯಕ್ಕೆ ಪ್ರಾಯಶ್ಚಿತ್ತವೆಂಬಂತೆ 2006ರಲ್ಲಿ ಅರಣ್ಯಹಕ್ಕು ಕಾಯಿದೆ ಬಂದಿತು. 2005ನೆಯ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನಲ್ಲಿ ನೆಲಸಿ ಬದುಕುತ್ತಿದ್ದ ಬುಡಕಟ್ಟಿನವರ ಹಕ್ಕನ್ನೂ, ಮೂರು ತಲೆಮಾರು, ಎಂದರೆ 75 ವರ್ಷ, ಅಲ್ಲಿದ್ದ ಇತರರ ಹಕ್ಕನ್ನೂ ಅದು ಮಾನ್ಯಮಾಡಿತು; ಆ ಹಕ್ಕನ್ನು ಮೊದಲು ಪರಿಶೀಲಿಸತಕ್ಕದ್ದು ಗ್ರಾಮಸಭೆಯೆಂದೂ ವಿಧಿಸಿತು. ಈ ಕಾಯಿದೆಯ ನಿಯಮಗಳಲ್ಲಿ ನನ್ನ ಹೃದಯವನ್ನು ಮುಟ್ಟಿದ್ದು ಒಂದು ಸಣ್ಣ ವಾಕ್ಯ. ಯಾವ ಯಾವುದನ್ನು ಸಾಕ್ಷ್ಯವೆಂದು ಸ್ವೀಕರಿಸಬಹುದೆಂಬ ಪಟ್ಟಿಯಲ್ಲಿ, ಸರಕಾರೀ ದಾಖಲೆ ನಕಾಶೆಗಳ ಜೊತೆಗೆ, ಹಳೆಯ ಬಾವಿ ಸಮಾಧಿ ದೇವರ ಸ್ಥಳಗಳ ಜೊತೆಗೆ, ಅರ್ಜಿದಾರರಲ್ಲದ ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೆಂದು ಅದು ಹೇಳುತ್ತದೆ. ನೂರಾರು ವರ್ಷ ಕಾಗದವೊಂದನ್ನೇ ನಂಬಿದ ರಾಜ್ಯವು ಮುದುಕಿಯೊಬ್ಬಳ ನೆನಪಿಗೆ ಕಿವಿಗೊಡಲು ಒಪ್ಪಿದ ಕ್ಷಣವದು. ಬಿಳಿಗಿರಿರಂಗನ ಬೆಟ್ಟವನ್ನು 2011ರ ಜನವರಿಯಲ್ಲಿ ಹುಲಿಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ ಪೋಡುಗಳೆಂಬ ಕಿರುಹಳ್ಳಿಗಳ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯಹಕ್ಕು ದೊರೆಯಿತು. ಹುಲಿಗಳ ಕಾಡಿನಲ್ಲಿ ಇಂಥ ಹಕ್ಕು ಸಿಕ್ಕಿದ್ದು ಭಾರತದಲ್ಲಿಯೇ ಮೊದಲು. ರಂಗನು ಭಾವನೆಂಬ ಮಾತಿಗೆ ಕಡೆಗೊಮ್ಮೆ ಸರಕಾರದ ಮುದ್ರೆಯೂ ಬಿದ್ದಂತಾಯಿತು. ಹಾಗೆಂದು ದಾರಿ ನಿಷ್ಕಂಟಕವಾಗಲಿಲ್ಲ. ರಾಜ್ಯದಲ್ಲಿ ಸಲ್ಲಿಸಿದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದುವು. 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯೇ ಹೊರಟು, ಅದೇ ತಿಂಗಳ 28ರಂದು ಅದಕ್ಕೆ ತಡೆ ಬರುವ ವರೆಗೆ ದೇಶದ ಲಕ್ಷಾಂತರ ಗುಡಿಸಲುಗಳಲ್ಲಿ ನಿದ್ರೆಯಿರಲಿಲ್ಲ.

ನಮ್ಮದೊಂದೇ ದೇಶದ ಕತೆಯಲ್ಲ ಇದು. ಪನಾಮಾ ದೇಶದ ಕರಾವಳಿಯ ಗಾರ್ಡಿ ಸುಗ್ದುಬ್ ಎಂಬ ಸಣ್ಣ ದ್ವೀಪದ ಗುಣಾ ಜನರು, ಏರುತ್ತಿರುವ ಕಡಲಿಗೆ ನೆಲವನ್ನು ಒಪ್ಪಿಸಿ, 2024ರಲ್ಲಿ ಸುಮಾರು 300 ಕುಟುಂಬಗಳಾಗಿ ಒಳನಾಡಿಗೆ ಸಾಗಿದರು. ಆದರೆ ಅವರು ಸಾಗಿದ್ದು ಊರಿಗೆ ಊರೇ ಕೂಡಿ, ತಾವೇ ಕುಳಿತು ನಿಶ್ಚಯಿಸಿ. ಬಿಡಬೇಕಾದುದನ್ನು ಬಿಡುವಾಗಲೂ ಮನುಷ್ಯನ ಮಾತಿಗೆ ಬೆಲೆಯಿದ್ದರೆ ಆ ವಲಸೆಯಲ್ಲಿ ಮಾನ ಉಳಿಯುತ್ತದೆ. ಮಾತಿಗೆ ಬೆಲೆಯಿಲ್ಲದವನ ವಲಸೆಗೆ ನಮ್ಮ ಉತ್ತರ ಕರ್ನಾಟಕದಲ್ಲಿ ಒಂದು ಎರಡಕ್ಷರದ ಹೆಸರಿದೆ: ಗುಳೆ.

ಗುಳೆ ಬಂದವರನ್ನು ಕಾಣಲು ಸುಬ್ರಹ್ಮಣ್ಯಪುರದಲ್ಲಿ ದೂರ ಹೋಗಬೇಕಾಗಿಲ್ಲ. ಸುತ್ತಣ ನಗರಸಭೆಗಳೊಡನೆ 110 ಹಳ್ಳಿಗಳನ್ನು 2007ರಲ್ಲಿ ನಗರಕ್ಕೆ ಕೂಡಿಸಿಕೊಂಡ ಮೇಲೆ, 2021ರಲ್ಲಿ ಎಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯ ವರೆಗೆ ಮೆಟ್ರೋ ರೈಲು ಬಂದ ಮೇಲೆ, ಇಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರದ ಬೀದಿಯಿಲ್ಲ. ಏರುವ ಪ್ರತಿಯೊಂದು ಕಟ್ಟಡದ ಮಗ್ಗುಲಲ್ಲಿಯೂ ನೀಲಿ ತಾಡಪಾಲಿನ ಜೋಪಡಿಯೊಂದಿಲ್ಲದೆ ಇಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರಕಾರವು ಬರಪೀಡಿತವೆಂದು ಸಾರಿದ ಆ ವರ್ಷದ ಕೊನೆಗೆ, ನಮ್ಮ ಬೀದಿಯ ತಿರುವಿನ ಖಾಲಿ ನಿವೇಶನದಲ್ಲಿ ಹೊಸದಾಗಿ ಎರಡು ಜೋಪಡಿಗಳೆದ್ದುವು. ಬೆಳಗಿನ ಜಾವ ಅಲ್ಲಿಂದ ರೊಟ್ಟಿ ಬಡಿಯುವ ಸದ್ದು ಕೇಳಿಬರುತ್ತಿದ್ದಿತು. ಮೂರು ಸಿಮೆಂಟು ಇಟ್ಟಿಗೆಗಳ ಒಲೆ. ಸೆಂಟ್ರಿಂಗಿನ ಹಲಗೆಯ ಚೂರುಗಳೇ ಸೌದೆ. ಊರಿನಿಂದ ಹೊತ್ತು ತಂದ ಕರಿಯ ಹಂಚು. ಯಾದಗಿರಿಯ ಕಡೆಯವಳಾದ ಆ ತಾಯಿಯನ್ನು, ಊರಿನಲ್ಲಿ ಜಮೀನಿಲ್ಲವೇನಮ್ಮಾ ಎಂದು ಕೇಳಿದೆ. “ಹೊಲ ಅದರೀ ಅಣ್ಣಾ, ಮಳಿ ಇಲ್ಲ. ತೊಗರಿ ಎಲ್ಲಾ ಒಣಗಿ ಹೋತು. ಕೂಸಿನ್ ಸಾಲಿ ಬಿಡಿಸಿ ದುಡೀಲಾಕ ಬಂದೀವಿ” ಎಂದಳು. ಹೇಳುತ್ತಲೇ ಅವಳ ಕೈ ರೊಟ್ಟಿಯನ್ನು ತಟ್ಟುತ್ತಿದ್ದಿತು. ಅಂಚು ಒಂದಿಷ್ಟೂ ಸೀಳಲಿಲ್ಲ.

ಆ ತಾಯಿಗೆ ಈ ನಗರದಲ್ಲಿ ಇದ್ದ ಹಕ್ಕೇನು? ವಲಸೆಯ ಕೂಲಿಗಾರರಿಗೆಂದು 1979ರಲ್ಲಿ ಮಾಡಿದ ಕಾಯಿದೆಯು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರಿಗೆ ಮೀಸಲಾಗಿದ್ದಿತು. ಯಾದಗಿರಿಯಿಂದ ಬೆಂಗಳೂರಿಗೆ ಬಂದವಳು ಅದರ ಕಣ್ಣಿಗೆ ವಲಸೆಗಾತಿಯೇ ಆಗಿರಲಿಲ್ಲ. ಕಟ್ಟಡ ಕಾರ್ಮಿಕರ ಕ್ಷೇಮಕ್ಕೆಂದು 1996ರಲ್ಲಿ ಬಂದ ಕಾಯಿದೆಯ ಪ್ರಯೋಜನವನ್ನು ಪಡೆಯಲು ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದುದಕ್ಕೆ ಪ್ರಮಾಣಪತ್ರ ಬೇಕಾಗಿದ್ದಿತು. ಮೇಸ್ತ್ರಿಯ ಹಿಂದೆ ಇಂದು ಇಲ್ಲಿ ನಾಳೆ ಅಲ್ಲಿ ದುಡಿಯುವವಳಿಗೆ ಆ ಪತ್ರವನ್ನು ಬರೆದುಕೊಡುವವರು ಯಾರು? ಗೆಜೆಟ್ಟನ್ನು ಓದಲಾರದ ಇರುಳಿಗನಿಂದ ಪ್ರಮಾಣಪತ್ರವಿಲ್ಲದ ಈ ತಾಯಿಯ ವರೆಗೆ ನೂರಿಪ್ಪತ್ತು ವರ್ಷಗಳ ಅಂತರವಿದೆ. ಅವರಿಬ್ಬರ ನೋವು ಒಂದೇ. ಆಕಾಶದ ಪೆಟ್ಟು ಮೊದಲು ಬೀಳುವುದು ಕಾಗದವಿಲ್ಲದವರ ಮೇಲೆ; ಬಿದ್ದ ಮೇಲೆ, ಪೆಟ್ಟು ಬಿದ್ದುದಕ್ಕೂ ಕಾಗದ ತರಬೇಕೆಂದು ಅವರನ್ನೇ ಕೇಳುತ್ತೇವೆ.

ಅವರನ್ನು ಬರಮಾಡಿಕೊಂಡ ನಗರವೂ ಈಗ ನಿಶ್ಚಿಂತೆಯಿಂದಿಲ್ಲ. 2022ರ ಮಳೆಗಾಲದಲ್ಲಿ ಬಡಾವಣೆಗಳು ಮುಳುಗಿ ಜನರನ್ನು ದೋಣಿಗಳಲ್ಲಿ ಸಾಗಿಸಿದರು; ಒಂದೇ ವರ್ಷದ ಮೇಲೆ ಬರ; 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿನ ಮುಂದೆ ಬಿಂದಿಗೆಗಳ ಸಾಲು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತವು ಉದ್ಘಾಟನೆಗೊಂಡು ದಿನಕ್ಕೆ 775 ದಶಲಕ್ಷ ಲೀಟರ್ ನೀರು ಮತ್ತೆ ಇದೇ ದಾರಿಯಲ್ಲಿ ಬರತೊಡಗಿತು. ಎಷ್ಟು ಹಂತಗಳು ಬಂದರೂ ಕಾವೇರಿ ಒಂದೇ. ಅವಳಿಗೂ ಮಳೆಯೇ ಆಧಾರ, ಆ ಮಳೆಯನ್ನು ಇಳಿಸಿಕೊಂಡು ಹಿಡಿದಿಡುವುದಕ್ಕೆ ಬೆಟ್ಟದ ಕಾಡೇ ಆಧಾರ. ಅದು ಕಾರಣ, ಪೋಡಿನಲ್ಲಿ ಕುಳಿತ ಸೋಲಿಗನ ಹಕ್ಕು ಸುಬ್ರಹ್ಮಣ್ಯಪುರದ ನಲ್ಲಿಗೆ ಸಂಬಂಧಿಸಿದ ವಿಷಯ. ಅದನ್ನು ಬೇರೆಯವರ ವ್ಯಾಜ್ಯವೆಂದು ನಾವು ಸುಮ್ಮನಿರುವಂತಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಕೆರೆಯ ಏರಿಯ ಮೇಲೆ ಒಬ್ಬ ವೃದ್ಧರೊಡನೆ ನಿಂತಿದ್ದೆ. ಅವರ ತಂದೆ ಈ ಸೀಮೆಯ ಊರೊಂದರಲ್ಲಿ ನೀರಗಂಟಿಯಾಗಿದ್ದವರು. ಮೊದಲು ನೀರು ಎಲ್ಲಿಂದ ಬರುತ್ತಿತ್ತು ತಾತ ಎಂದು ಕೇಳಿದ್ದಕ್ಕೆ ಅವರು ಊರುಗೋಲನ್ನೆತ್ತಿ, ಎದುರಿಗೆ ಕಾಣುವ ಮನೆಗಳ ಸಾಲನ್ನೂ ಟಾರು ರಸ್ತೆಯನ್ನೂ ಹಾದು ಒಂದು ಗೆರೆಯೆಳೆದರು. “ಅಗೋ, ಆ ಗೇಟ್ ಐತಲ್ಲ ಸ್ವಾಮಿ, ಅದರ ಮಗ್ಗುಲಾಗೆ ಕಾಲುವೆ. ಹೊಂಗೆ ಮರದ ಬುಡದಾಗೆ ತಿರುಗ್ತಿತ್ತು. ನಮ್ಮಪ್ಪ ಅಲ್ಲೇ ಗುದ್ಲಿ ಇಟ್ಟು ಮಲಗೋರು” ಎಂದರು. ಹೊಂಗೆಯ ಮರ ಈಗಿಲ್ಲ. ಆದರೆ ಜೋರು ಮಳೆ ಬಂದಾಗಲೆಲ್ಲ ನೀರು ನಿಂತು ವಾಹನಗಳು ಕೆಟ್ಟುಹೋಗುವುದು ಅವರು ಕೋಲು ತೋರಿಸಿದ ಆ ತಿರುವಿನಲ್ಲಿಯೇ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೆ.

ಜೇಬಿನಲ್ಲಿದ್ದ ಪುಸ್ತಕವನ್ನು ತೆಗೆದು ಅವರ ಮಾತನ್ನು ಅಲ್ಲಿಯೇ ಬರೆದುಕೊಂಡೆ: ಕಾಲುವೆಯ ಅಗಲ ಎಷ್ಟು ಮೊಳ, ಕೋಡಿ ಯಾವ ಮೂಲೆ, ತೂಬು ಎಲ್ಲಿ, ಕಣದ ಪಾಲು ಎಷ್ಟು ಸೇರು. ಬರೆದುದನ್ನು ಓದಿ ಹೇಳಿದೆ. ಒಂದೆರಡು ಕಡೆ ತಿದ್ದಿಸಿದರು. ಕಾಡಿನ ಹಿರಿಯನ ಮಾತನ್ನು ಸಾಕ್ಷ್ಯವೆಂದು ಒಪ್ಪುವ ಕಾಯಿದೆಯೊಂದು ದೇಶದಲ್ಲಿದೆ. ಕೆರೆಯ ಹಿರಿಯನ ಮಾತಿಗೂ, ಬರದಿಂದ ಗುಳೆ ಬಂದವಳ ಮಾತಿಗೂ ಅಂಥದೊಂದು ವಾಕ್ಯವನ್ನು ನಮ್ಮ ಶಾಸನಕರ್ತರು ಬರೆಯುವ ದಿನ ಬರಬೇಕು. ಮುದುಕರು ಪುಸ್ತಕದ ಮೇಲೆ ಬೆರಳಿಟ್ಟು, “ಇದನ್ನ ಯಾರಿಗೆ ಕೊಡ್ತೀರಿ ಸ್ವಾಮಿ?” ಎಂದು ಕೇಳಿದರು. ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ. ಓದುಗರೇ, ಅದನ್ನು ಈಗ ನಿಮ್ಮ ಕೈಗೆ ಕೊಟ್ಟಿದ್ದೇನೆ.